ಹೀಟರ್ ಮುನಿದರೆ ಎಂಜಿನ್ ಕಡೆ ನೋಡಿ

ನಮ್ಮ ರಾಜ್ಯದಲ್ಲಿ ಕಾರಿನ ಹೀಟರ್ ನೆನಪಾಗುವುದು ವರ್ಷದಲ್ಲಿ ಎರಡು ಕಾಲಕ್ಕೆ. ಧನುರ್ಮಾಸದ ಬೆಳಗಿನ ಚಳಿಯಲ್ಲಿ ಬೀದರ್, ಚಿಕ್ಕಮಗಳೂರು, ಮಡಿಕೇರಿ ಕಡೆಯವರು ಗಾಡಿ ತೆಗೆಯುವಾಗ ಒಮ್ಮೆ. ಆಷಾಢದ ಮಳೆಯಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಮುಂದಿನ ಗಾಜು ಮಂಜುಗಟ್ಟಿ ದಾರಿ ಕಾಣದಾದಾಗ ಇನ್ನೊಮ್ಮೆ. ಉಳಿದ ತಿಂಗಳುಗಳಲ್ಲಿ ಅದರ ನಾಬ್ ನೀಲಿ ಕಡೆಗೇ ತಿರುಗಿರುತ್ತದೆ. ಹೀಗೆ ಮರೆತುಬಿಟ್ಟಿದ್ದ ಹೀಟರನ್ನು ಹದಿನೈದು ವರ್ಷ ಹಳೆಯ ಗಾಡಿಯಲ್ಲಿ ಹಾಕಿ ನೋಡಿದರೆ ಅದು ನೆಟ್ಟಗೆ ಕೆಲಸ ಮಾಡುವುದು ಅಪರೂಪ. ಸಿಗ್ನಲ್‌ನಲ್ಲಿ ನಿಂತರೆ ತಣ್ಣನೆ ಗಾಳಿ, ಆಕ್ಸಿಲರೇಟರ್ ಒತ್ತಿದರೆ ಬಿಸಿ. ಘಾಟಿ ಹತ್ತುವಾಗ ಬೆಚ್ಚಗೆ, ಇಳಿಯುವಾಗ ಮತ್ತೆ ತಣ್ಣಗೆ.

ಇಂಥ ಗಾಡಿ ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರ ಸಿಗುತ್ತದೆ. ‘ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕು’ ಎಂಬುದು ಒಂದು. ‘ನಮ್ಮೂರಿಗೆ ಹೀಟರ್ ಯಾಕೆ ಸಾರ್’ ಎಂದು ಅದರ ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಕಳಿಸುವುದು ಇನ್ನೊಂದು. ಮೊದಲನೆಯದು ಅನೇಕ ಸಲ ದಂಡದ ಖರ್ಚು. ಎರಡನೆಯದು ರೋಗವನ್ನು ಬಿಟ್ಟು ಲಕ್ಷಣವನ್ನಷ್ಟೇ ಮುಚ್ಚುವ ಕೆಲಸ. ಹಳೆ ಕಾರಿನ ಹೀಟರ್ ಸ್ವತಂತ್ರ ಯಂತ್ರವಲ್ಲ, ಎಂಜಿನ್ ತಣಿಸುವ ವ್ಯವಸ್ಥೆಯ ಒಂದು ಕವಲು. ಅದು ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಆಡುತ್ತಿದ್ದರೆ ಬಹುಪಾಲು ದೋಷ ಇರುವುದು ಆ ವ್ಯವಸ್ಥೆಯಲ್ಲಿ. ಅದನ್ನು ಹುಡುಕುವುದಕ್ಕೊಂದು ಕ್ರಮವಿದೆ. ಆ ಕ್ರಮದ ಮೊದಲ ಹೆಜ್ಜೆಗಳಿಗೆ ದುಡ್ಡೂ ಬೇಡ, ಹತಾರವೂ ಬೇಡ.

ಬಿಸಿ ಬರುವುದು ಎಲ್ಲಿಂದ

ಸ್ಥೂಲವಾಗಿ ಹೇಳುವುದಾದರೆ, ಪೆಟ್ರೋಲ್ ಅಥವಾ ಡೀಸೆಲ್ ಉರಿದು ಹುಟ್ಟುವ ಶಕ್ತಿ ಮೂರು ಪಾಲಾಗುತ್ತದೆ. ಒಂದು ಪಾಲು ಗಾಡಿ ಓಡಿಸುತ್ತದೆ, ಒಂದು ಪಾಲು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ, ಉಳಿದದ್ದು ಎಂಜಿನ್‌ನ ಲೋಹಕ್ಕೆ ಏರುತ್ತದೆ. ಆ ಶಾಖವನ್ನು ಎಂಜಿನ್ ಸುತ್ತ ಹರಿಯುವ ಕೂಲೆಂಟ್ ಹೊತ್ತೊಯ್ದು ರೇಡಿಯೇಟರ್‌ನಲ್ಲಿ ಬಿಡುತ್ತದೆ. ಈ ಹರಿವನ್ನು ನಡೆಸುವುದು ವಾಟರ್ ಪಂಪ್, ಅದಕ್ಕೆ ಲಗಾಮು ಥರ್ಮೋಸ್ಟಾಟ್. ಎಂಜಿನ್ ತಣ್ಣಗಿದ್ದಾಗ ಥರ್ಮೋಸ್ಟಾಟ್ ಮುಚ್ಚಿರುತ್ತದೆ, ರೇಡಿಯೇಟರ್ ಕಡೆಗೆ ನೀರು ಹೋಗುವುದಿಲ್ಲ. ನೀರು 82 ಅಥವಾ 88 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಾಗ ಅದರೊಳಗಿನ ಮೇಣ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ.

ಎಂಜಿನ್‌ನಿಂದ ಹೊರಡುವ ಈ ಬಿಸಿ ನೀರಿನ ಸಣ್ಣ ಪಾಲೊಂದು ಬೇರೆ ಹೋಸ್ ಹಿಡಿದು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯನ್ನು ತೂರಿ, ಡ್ಯಾಶ್‌ಬೋರ್ಡ್ ಹಿಂದೆ ಕೂತಿರುವ ಪುಟ್ಟ ರೇಡಿಯೇಟರ್‌ಗೆ ಬರುತ್ತದೆ. ಇದೇ ಹೀಟರ್ ಕೋರ್. ಎರಡು ಅಂಗೈ ಅಗಲದ ಈ ಪೆಟ್ಟಿಗೆಯ ಮೇಲೆ ಬ್ಲೋವರ್ ಗಾಳಿ ಹಾಯಿಸಿದರೆ ಆ ಗಾಳಿ ಬಿಸಿಯಾಗಿ ನಮ್ಮ ಕಾಲಿಗೋ ಗಾಜಿಗೋ ತಲುಪುತ್ತದೆ. ನೀರು ಇನ್ನೊಂದು ಹೋಸ್ ಮೂಲಕ ಎಂಜಿನ್‌ಗೆ ಮರಳುತ್ತದೆ. ನಾವು ತಿರುಗಿಸುವ ನಾಬ್ ಕೆಲವು ಕಾರುಗಳಲ್ಲಿ ನೀರಿನ ದಾರಿಯ ವಾಲ್ವ್ ಒಂದನ್ನು ತೆರೆದು ಮುಚ್ಚುತ್ತದೆ. ಇನ್ನು ಕೆಲವುಗಳಲ್ಲಿ ನೀರು ಸದಾ ಹರಿಯುತ್ತಲೇ ಇರುತ್ತದೆ. ಅಲ್ಲಿ ನಾಬ್ ಸರಿಸುವುದು ಬಿಸಿ ಗಾಳಿ ಮತ್ತು ತಣ್ಣನೆ ಗಾಳಿಯನ್ನು ಬೆರೆಸುವ ಒಂದು ಪರದೆಯನ್ನು.

ಇಷ್ಟು ತಿಳಿದರೆ ಮುಂದಿನದು ಸುಲಭ. ಹೀಟರ್‌ನಿಂದ ಒಂದೇ ಸಮನೆ ಬಿಸಿ ಬರಬೇಕಾದರೆ ನೀರು ಸಾಕಷ್ಟಿರಬೇಕು, ಕಾದಿರಬೇಕು, ಹರಿಯಬೇಕು, ಗಾಳಿ ಅದರ ಮೇಲೆಯೇ ಹಾಯಬೇಕು. ಯಾವುದು ತಪ್ಪಿದೆ ಎಂಬುದನ್ನು ಗಾಡಿಯ ವರ್ತನೆಯೇ ಹೇಳುತ್ತದೆ.

ವರ್ತನೆಯಲ್ಲೇ ಸುಳಿವು

ಗ್ಯಾರೇಜಿಗೆ ಹೋಗುವ ಮೊದಲು ಕೆಲವು ದಿನ ಗಮನವಿಟ್ಟು ಓಡಿಸಿ. ನಿಂತಾಗ ತಣ್ಣಗೆ, ಓಡುವಾಗ ಬಿಸಿ ಎಂದಾದರೆ ಹರಿವು ಸಾಲದಾಗಿದೆ. ಐಡಲ್‌ನಲ್ಲಿ ಪಂಪ್ ನಿಧಾನವಾಗಿ ತಿರುಗುತ್ತದೆ. ಕೂಲೆಂಟ್ ಕಡಿಮೆಯಾಗಿದ್ದರೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಎತ್ತರದಲ್ಲಿರುವ ಹೀಟರ್ ಕೋರ್‌ವರೆಗೆ ನೀರೇರಿಸಲು ಅದಕ್ಕೆ ತ್ರಾಣ ಸಾಲುವುದಿಲ್ಲ. ಎಂಜಿನ್ ವೇಗ ಏರಿದೊಡನೆ ನೀರು ಮೇಲೇರುತ್ತದೆ, ಗಾಳಿ ಬಿಸಿಯಾಗುತ್ತದೆ. ಇದರ ಜೊತೆಗೆ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಕೇಳಿದರೆ ಏರ್ ಲಾಕ್ ಆಗಿರುವುದು ಹೆಚ್ಚುಕಡಿಮೆ ಖಚಿತ.

ಚಾರ್ಮಾಡಿ ಹತ್ತುವಾಗ ಬಿಸಿ ಇದ್ದು ಇಳಿಯುವಾಗ ತಣ್ಣಗಾಗುತ್ತದೆ, ಟೆಂಪರೇಚರ್ ಮುಳ್ಳೂ ಜೊತೆಯಲ್ಲೇ ಕೆಳಗಿಳಿಯುತ್ತದೆ ಎಂದರೆ ಅನುಮಾನ ಥರ್ಮೋಸ್ಟಾಟ್ ಮೇಲೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್‌ನಲ್ಲಿ ಇಂಧನ ಉರಿಯುವುದೇ ಕಡಿಮೆ. ಥರ್ಮೋಸ್ಟಾಟ್ ಸರಿಯಿದ್ದರೆ ಮುಚ್ಚಿಕೊಂಡು ಇದ್ದ ಶಾಖವನ್ನು ಉಳಿಸುತ್ತದೆ. ತೆರೆದೇ ಅಂಟಿಕೊಂಡಿದ್ದರೆ ಅಷ್ಟೂ ಶಾಖ ರೇಡಿಯೇಟರ್ ಪಾಲು.

ಮುಳ್ಳು ನಡುವೆ ಸ್ಥಿರವಾಗಿದ್ದು ಗಾಳಿ ಮಾತ್ರ ಯಾವ ವೇಗದಲ್ಲೂ ಉಗುರುಬೆಚ್ಚಗೆ ಇದ್ದರೆ ಎಂಜಿನ್ ಕಡೆ ಬಹುಶಃ ಸರಿಯಾಗಿದೆ, ದೋಷ ಕೋರ್, ವಾಲ್ವ್ ಅಥವಾ ಪರದೆಯಲ್ಲಿದೆ. ಗಾಳಿ ಬಿಸಿಯಾಗಿಯೇ ಇದೆ, ಆದರೆ ಬರುವುದೇ ಕೊಂಚ ಎಂದಾದರೆ ಅದು ಬ್ಲೋವರ್ ಅಥವಾ ಎಲೆ, ಧೂಳು ಕಟ್ಟಿದ ಗಾಳಿದಾರಿಯ ಸಮಸ್ಯೆ. ಹಳೆ ಡೀಸೆಲ್ ಜೀಪಿನವರು ಒಂದು ಮಾತು ನೆನಪಿಡಬೇಕು. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಹುಟ್ಟಿಸುವ ಶಾಖವೇ ಕಡಿಮೆ. ಅಂಗಳದಲ್ಲಿ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೂ ಹೀಟರ್ ಬಿಸಿಯಾಗಲಿಲ್ಲವೆಂದರೆ ಅದು ದೋಷವಲ್ಲ. ಗಾಡಿ ಓಡಿದರೆ ತಾನೇ ಸರಿಹೋಗುತ್ತದೆ.

ಮೊದಲು ನೀರು ನೋಡಿ

ಪರೀಕ್ಷೆ ಶುರುವಾಗಬೇಕಾದದ್ದು ಕೂಲೆಂಟ್‌ನಿಂದ, ಅದೂ ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯಲ್ಲಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಹೆಚ್ಚಿನವರು ಬದಿಯ ಪ್ಲಾಸ್ಟಿಕ್ ಬಾಟಲಿಯ ಮಟ್ಟವನ್ನಷ್ಟೇ ನೋಡಿ ಸುಮ್ಮನಾಗುತ್ತಾರೆ. ರೇಡಿಯೇಟರ್‌ಗೇ ಮುಚ್ಚಳವಿರುವ ಹಳೆ ಕಾರುಗಳಲ್ಲಿ ಬಾಟಲಿ ತುಂಬಿದ್ದು ರೇಡಿಯೇಟರ್ ಅರ್ಧ ಖಾಲಿ ಇರುವುದು ಸಾಧ್ಯ. ಮುಚ್ಚಳದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಎಂಜಿನ್ ತಣ್ಣಗಾಗುವಾಗ ಅದು ಬಾಟಲಿಯಿಂದ ನೀರನ್ನು ಹಿಂದಕ್ಕೆ ಎಳೆಯುವ ಬದಲು ಗಾಳಿಯನ್ನು ಎಳೆಯುತ್ತದೆ. ಹಾಗಾಗಿ ಮುಚ್ಚಳ ತೆಗೆದು ಕಣ್ಣಲ್ಲೇ ನೋಡಿ. ನೀರು ಕತ್ತಿನವರೆಗೆ ಇರಬೇಕು.

ಮುಚ್ಚಳದ ಮಹತ್ವ ಇಷ್ಟಕ್ಕೇ ಮುಗಿಯುವುದಿಲ್ಲ. ಅದರ ಮೇಲೆ 0.9 ಅಥವಾ 1.1 ಎಂಬಂಥ ಅಂಕಿ ಇರುತ್ತದೆ, ಅದು ತಡೆಹಿಡಿಯುವ ಒತ್ತಡದ ಅಳತೆ. 0.9ರ ಮುಚ್ಚಳ ಗಟ್ಟಿಯಾಗಿದ್ದರೆ ಸಮುದ್ರಮಟ್ಟದಲ್ಲಿ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಮುಚ್ಚಳ ಸೋತರೆ ಆ ರಕ್ಷಣೆ ಹೋಯಿತು. ಮಡಿಕೇರಿಯ ಎತ್ತರದಲ್ಲಿ ತೆರೆದ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಬೆಂಗಳೂರಿನಿಂದ ಹಳೆ ಗಾಡಿ ಹತ್ತಿ ಲೇಹ್‌ಗೆ ಹೋಗುವವರಿದ್ದಾರಲ್ಲ, ಅಲ್ಲಿನ 3,500 ಮೀಟರ್ ಎತ್ತರದಲ್ಲಿ ಅದು 88ಕ್ಕೇ ಕುದಿಯುತ್ತದೆ. ಅಂದರೆ ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೇ ಎಂಜಿನ್ ಒಳಗೆ ಆವಿಯ ಗುಳ್ಳೆಗಳು ಏಳುತ್ತವೆ, ಅವು ಹೀಟರ್ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ, ಚಳಿ ಹೆಚ್ಚಿರುವ ಕಡೆಯೇ ಹೀಟರ್ ಕೈಕೊಡುತ್ತದೆ. ಸಣ್ಣ ಕಾರುಗಳಿಗೆ ಕೆಲವು ನೂರು ರೂಪಾಯಿಗೆ ಸಿಗುವ ಮುಚ್ಚಳವನ್ನು ಬದಲಿಸದೆ ಉಳಿದದ್ದಕ್ಕೆಲ್ಲ ಸಾವಿರಗಟ್ಟಲೆ ಸುರಿಯುವುದರಲ್ಲಿ ಅರ್ಥವಿಲ್ಲ.

ನೀರಿನ ಬಣ್ಣವನ್ನೂ ಗಮನಿಸಿ. ತಿಳಿಯಾದ ಹಸಿರೋ ಕೆಂಪೋ ಇದ್ದರೆ ಸರಿ. ಕೆಮ್ಮಣ್ಣಿನ ಬಣ್ಣವಿದ್ದರೆ ಒಳಗೆ ತುಕ್ಕು ಹಿಡಿದಿದೆ. ಕೂಲೆಂಟ್ ಬದಲು ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದರೆ ಅದರ ಸುಣ್ಣದ ಅಂಶ ಸಣ್ಣ ಕೊಳವೆಗಳಲ್ಲಿ ಪದರ ಕಟ್ಟುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಸಣ್ಣ ಕೊಳವೆಗಳಿರುವುದು ಹೀಟರ್ ಕೋರ್‌ನಲ್ಲಿ, ಆದ್ದರಿಂದ ಮೊದಲು ಕಟ್ಟಿಕೊಳ್ಳುವುದೂ ಅದೇ. ‘ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ’ ಎಂದು ಕೇಳುವವರಿಗೆ ಉತ್ತರ ಇದು. ಅದರ ಅರ್ಧ ಕೆಲಸ ತುಕ್ಕು ತಡೆಯುವುದು, ಕುದಿಬಿಂದು ಏರಿಸುವುದು. ಅರ್ಧಕ್ಕರ್ಧ ಬೆರೆಸಿದ ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿವರೆಗೆ ತಡೆಯುತ್ತದೆ, ಮೈನಸ್ 37ರವರೆಗೆ ಗಟ್ಟಿಯಾಗುವುದಿಲ್ಲ. ಆದರೆ ತುಕ್ಕು ತಡೆಯುವ ಗುಣ ಕೆಲವು ವರ್ಷಗಳಲ್ಲಿ ತೀರಿಹೋಗುತ್ತದೆ. ಯಾವ ಬಗೆ, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಗಾಡಿಯ ಪುಸ್ತಕದಲ್ಲಿ ನೋಡಿ. ಬಣ್ಣ ಒಂದೇ ಇದೆಯೆಂದು ಬೇರೆ ಬೇರೆ ಬಗೆಯದನ್ನು ಬೆರೆಸಬೇಡಿ. ಇದು ವಿಷ, ರುಚಿಯಲ್ಲಿ ಸಿಹಿ. ತೆಗೆದ ಕೂಲೆಂಟನ್ನು ಮಕ್ಕಳು, ನಾಯಿಗಳು ಸುಳಿಯುವಲ್ಲಿ ಚೆಲ್ಲಬಾರದು.

ಮಟ್ಟ ಕಡಿಮೆಯಿದ್ದರೆ ತುಂಬಿಸಿ ಏರ್ ತೆಗೆಯಬೇಕು. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಡಿ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರ್ ನಾಬನ್ನು ಪೂರ್ತಿ ಕೆಂಪು ಕಡೆಗೆ ತಿರುಗಿಸಿ, ಎಂಜಿನ್ ಐಡಲ್‌ನಲ್ಲಿ ಬಿಡಿ. ನೀರು ಕಾಯುತ್ತ ಬಂದಂತೆ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ, ಮಟ್ಟ ಕುಸಿಯುತ್ತದೆ. ಕುಸಿದಷ್ಟು ತುಂಬಿಸುತ್ತ ಹೋಗಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ಒಮ್ಮೆಲೇ ಇಳಿಯಬಹುದು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ. ಕೆಲವು ಎಂಜಿನ್‌ಗಳಲ್ಲಿ ಇದಕ್ಕೆಂದೇ ಒಂದು ಸ್ಕ್ರೂ ಇರುತ್ತದೆ. ಗುಳ್ಳೆ ನಿಲ್ಲುವುದೇ ಇಲ್ಲವೆಂದಾದರೆ ಅದರ ಕಾರಣ ಬೇರೆ, ಅದನ್ನು ಕೊನೆಯಲ್ಲಿ ನೋಡೋಣ.

ತುಂಬಿಸಿದ ನೀರು ಮತ್ತೆ ಕಡಿಮೆಯಾದರೆ ಎಲ್ಲೋ ಸೋರುತ್ತಿದೆ. ಹೋಸ್ ಕ್ಲಿಪ್‌ಗಳ ಬಳಿ ಒಣಗಿದ ಬಿಳಿ ಕಲೆ, ವಾಟರ್ ಪಂಪ್ ಕೆಳಗಿನ ಪುಟ್ಟ ತೂತಿನಿಂದ ಇಳಿದ ಗೆರೆ, ಇವನ್ನು ಹುಡುಕಿ. ಫ್ಯಾನ್ ಬೆಲ್ಟ್‌ನಿಂದ ಪಂಪ್ ತಿರುಗುವ ಗಾಡಿಯಲ್ಲಿ ಬೆಲ್ಟ್ ಸಡಿಲವಾಗಿದೆಯೇ ಎಂದೂ ಒತ್ತಿ ನೋಡಿ.

ಎರಡು ಹೋಸ್ ಮುಟ್ಟಿ ನೋಡುವ ಪರೀಕ್ಷೆ

ನೀರು ಸರಿಯಿದ್ದೂ ಹೀಟರ್ ಸರಿಯಾಗಿಲ್ಲವೆಂದರೆ ಮುಂದಿನ ಪರೀಕ್ಷೆಗೆ ಬೇಕಾದದ್ದು ಕೈ ಮಾತ್ರ. ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ನಡು ವೇಗಕ್ಕೆ ಇಟ್ಟು, ಎಂಜಿನ್ ಓಡುತ್ತಿರುವಂತೆಯೇ ಬಾನೆಟ್ ಎತ್ತಿ. ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ, ಬಟ್ಟೆ, ಕೂದಲು ದೂರವಿರಲಿ. ಡ್ಯಾಶ್‌ಬೋರ್ಡ್ ಕಡೆಯ ತಗಡಿನ ಗೋಡೆಯೊಳಕ್ಕೆ ಅಕ್ಕಪಕ್ಕ ಹೋಗುವ ಹೆಬ್ಬೆರಳು ದಪ್ಪದ ಎರಡು ಹೋಸ್ ಕಾಣುತ್ತವೆ. ಒಂದೊಂದನ್ನೇ ಕ್ಷಣಮಾತ್ರ ಮುಟ್ಟಿ ನೋಡಿ.

ಎರಡೂ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬಿಸಿ ನೀರು ಒಳಗೆ ಹೋಗಿ ಬರುತ್ತಿದೆ, ದೋಷ ಗಾಳಿಯ ಕಡೆಯದು. ಎರಡೂ ಉಗುರುಬೆಚ್ಚಗಿದ್ದರೆ ನೀರೇ ಕಾಯುತ್ತಿಲ್ಲ ಅಥವಾ ಬರುತ್ತಿಲ್ಲ, ಥರ್ಮೋಸ್ಟಾಟ್ ಮತ್ತು ಪಂಪ್ ಕಡೆ ನೋಡಬೇಕು. ಒಂದು ಸುಡುತ್ತ ಇನ್ನೊಂದು ಬರೀ ಬೆಚ್ಚಗಿದ್ದರೆ ನೀರು ನಡುವೆ ತಡೆಯುತ್ತಿದೆ. ವಾಲ್ವ್ ಇರುವ ಗಾಡಿಯಲ್ಲಿ ಮೊದಲು ಅದನ್ನು ನೋಡಿ. ಒಬ್ಬರು ಒಳಗೆ ಕೂತು ನಾಬ್ ತಿರುಗಿಸಲಿ, ಇನ್ನೊಬ್ಬರು ವಾಲ್ವ್‌ನ ಸಣ್ಣ ಕಡ್ಡಿ ಪೂರ್ತಿ ಸರಿಯುತ್ತದೆಯೇ ಎಂದು ಗಮನಿಸಲಿ. ಕೇಬಲ್ ಸಡಿಲಗೊಂಡು ಅರ್ಧಕ್ಕೇ ನಿಲ್ಲುವುದು ಹಳೆ ಕಾರುಗಳಲ್ಲಿ ಸಾಮಾನ್ಯ. ವಾಲ್ವ್ ಸರಿಯಿದ್ದರೆ ಕಟ್ಟಿಕೊಂಡಿರುವುದು ಕೋರ್.

ಕೋರ್ ಕಟ್ಟಿಕೊಂಡಿದೆ ಎಂದೊಡನೆ ಹೊಸದು ಹಾಕಬೇಕಿಲ್ಲ. ಎಂಜಿನ್ ತಣ್ಣಗಾದ ಮೇಲೆ ಎರಡೂ ಹೋಸ್ ಬಿಚ್ಚಿ, ನೀರು ಹೊರಬರುವ ಕಡೆಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟರೆ ಕೊಳೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಮೊದಲು ಕೆಂಪು ರಾಡಿ ಬರುತ್ತದೆ, ಬರಬರುತ್ತ ತಿಳಿಯಾಗುತ್ತದೆ. ಪೂರ್ತಿ ತಿಳಿಯಾಗುವವರೆಗೆ ಬಿಟ್ಟು, ಆಮೇಲೆ ಹೊಸ ಕೂಲೆಂಟ್ ತುಂಬಿಸಿ. ಸರ್ವಿಸ್ ಸ್ಟೇಷನ್‌ನ ಗಾಡಿ ತೊಳೆಯುವ ಪ್ರೆಷರ್ ಪಂಪ್ ಮಾತ್ರ ಇಲ್ಲಿ ಬೇಡ. ಹಳೆ ಕೋರ್‌ನ ಬೆಸುಗೆ ಬಿಟ್ಟುಹೋದರೆ ಸೋರುವುದು ಕ್ಯಾಬಿನ್ ಒಳಗೆ.

ಥರ್ಮೋಸ್ಟಾಟ್ ಕಿತ್ತ ಗಾಡಿಗಳು

ನಮ್ಮ ಕಡೆಯ ಹಳೆ ಗಾಡಿಗಳಲ್ಲಿ ಒಂದು ವಿಶೇಷ ಸಮಸ್ಯೆಯುಂಟು. ಥರ್ಮೋಸ್ಟಾಟ್ ಹಾಳಾಗಿರುವುದಿಲ್ಲ, ಇರುವುದೇ ಇಲ್ಲ. ‘ನಮ್ಮ ಬಿಸಿಲಿಗೆ ಇದು ಬೇಡ, ಗಾಡಿ ಹೀಟ್ ಆಗುತ್ತೆ’ ಎಂದು ಯಾವ ಕಾಲಕ್ಕೋ ಯಾರೋ ಕಿತ್ತು ಎಸೆದಿರುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಅದರ ಸುದ್ದಿಯೇ ಇರುವುದಿಲ್ಲ.

ಇದರಿಂದ ಆಗುವ ನಷ್ಟ ಹೀಟರ್‌ಗಷ್ಟೇ ಅಲ್ಲ. ಎಂಜಿನ್ ತನಗೆ ಬೇಕಾದ ಶಾಖ ತಲುಪಲು ಬಹಳ ಹೊತ್ತು ಹಿಡಿಯುತ್ತದೆ. ಇಂಧನವನ್ನು ಕಂಪ್ಯೂಟರ್ ಅಳೆದು ಕೊಡುವ ಗಾಡಿಯಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಅದು ಹೆಚ್ಚು ಪೆಟ್ರೋಲ್ ಬಿಡುತ್ತಲೇ ಇರುತ್ತದೆ. ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್‌ಗಳಲ್ಲಿ ಪರಿಣಾಮ ಇನ್ನೂ ವಿಪರೀತ. ಅಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ರೇಡಿಯೇಟರ್ ತಪ್ಪಿಸಿ ಹೋಗುವ ಒಳದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಒಳದಾರಿ ಸದಾ ತೆರೆದಿದ್ದು, ನೀರಿನ ಒಂದು ಪಾಲು ತಣಿಯದೆಯೇ ಸುತ್ತುತ್ತದೆ. ಓವರ್‌ಹೀಟ್ ತಪ್ಪಿಸಲು ಮಾಡಿದ ಉಪಾಯವೇ ಓವರ್‌ಹೀಟ್‌ಗೆ ಕಾರಣವಾಗುತ್ತದೆ.

ಇರುವ ಥರ್ಮೋಸ್ಟಾಟ್ ಸರಿಯಿದೆಯೇ ಎಂದು ತಿಳಿಯಲು ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಎಂಜಿನ್‌ನಿಂದ ರೇಡಿಯೇಟರ್‌ಗೆ ಹೋಗುವ ಮೇಲಿನ ದಪ್ಪ ಹೋಸ್ ಮುಟ್ಟುತ್ತಿರಿ. ಹೆಚ್ಚಿನ ಎಂಜಿನ್‌ಗಳಲ್ಲಿ ಅದು ಹಲವು ನಿಮಿಷ ತಣ್ಣಗೇ ಇದ್ದು, ಮುಳ್ಳು ನಡುವಿಗೆ ಬರುವ ಹೊತ್ತಿಗೆ ಥಟ್ಟನೆ ಬಿಸಿಯಾಗಬೇಕು. ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಬಂದರೆ ಥರ್ಮೋಸ್ಟಾಟ್ ತೆರೆದು ನಿಂತಿದೆ ಅಥವಾ ಇಲ್ಲವೇ ಇಲ್ಲ. ಬಿಚ್ಚಿ ತೆಗೆದರೆ ಇನ್ನೂ ಖಚಿತವಾಗಿ ನೋಡಬಹುದು. ಅಡುಗೆಗೆ ಬಳಸದ ಹಳೆ ಪಾತ್ರೆಯಲ್ಲಿ ನೀರಿಟ್ಟು, ಅದನ್ನು ದಾರದಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೇಲೆ ಕೊರೆದ ಅಂಕಿಯ ಆಸುಪಾಸಿನಲ್ಲಿ ನಡುವಿನ ತಟ್ಟೆ ಏಳತೊಡಗಬೇಕು, ನೀರು ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು, ಒಲೆಯಿಂದ ಇಳಿಸಿದರೆ ಮತ್ತೆ ಮುಚ್ಚಬೇಕು.

ಡ್ಯಾಶ್‌ಬೋರ್ಡ್ ಹಿಂದಿನ ದೋಷ

ಎರಡೂ ಹೋಸ್ ಸುಡುತ್ತಿದ್ದರೂ ಗಾಳಿ ತಣ್ಣಗಿದೆ ಎಂದರೆ ಪರದೆ ಸರಿಯುತ್ತಿಲ್ಲ. ನಾಬ್ ತಿರುಗಿಸುವಾಗ ಕೈಗೆ ಬಿಗಿ ಸಿಗದೆ ಸಡಿಲವಾಗಿ ತಿರುಗಿದರೆ ಕೇಬಲ್ ಕ್ಲಿಪ್ ಬಿಟ್ಟಿದೆ. ಅನೇಕ ಗಾಡಿಗಳಲ್ಲಿ ಗ್ಲವ್ ಬಾಕ್ಸ್ ತೆಗೆದರೆ ಕೈಗೆಟುಕುವ ಕೆಲಸ ಇದು. ಮೋಟಾರ್‌ನಿಂದ ಪರದೆ ಸರಿಯುವ ಗಾಡಿಯಲ್ಲಿ ಒಳಗಿನ ಹಲ್ಲು ಮುರಿದಿದ್ದರೆ ಟಕ್ ಟಕ್ ಎಂದು ಸದ್ದು ಬರುತ್ತದೆ.

ಮಳೆಗಾಲದಲ್ಲಿ ಗಾಜು ಮಂಜುಗಟ್ಟುವುದು ಹೀಟರ್ ಸರಿಯಿದ್ದೂ ನಿಲ್ಲದಿದ್ದರೆ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಹಾಕಿದೆಯೇ ನೋಡಿ. ಹೊರಗಿನ ಗಾಳಿ ಬರುವಂತೆ ಮಾಡಿ, ಎ.ಸಿ. ಇದ್ದರೆ ಹೀಟರ್ ಜೊತೆಗೇ ಹಾಕಿ. ಎ.ಸಿ. ಗಾಳಿಯ ತೇವ ಹೀರುತ್ತದೆ, ಹೀಟರ್ ಅದೇ ಗಾಳಿಯನ್ನು ಬೆಚ್ಚಗಾಗಿಸುತ್ತದೆ, ಗಾಜು ಬೇಗ ತಿಳಿಯಾಗುತ್ತದೆ. ಆದರೆ ಗಾಜಿನ ಒಳಮೈಯಲ್ಲಿ ಜಿಗುಟು ಪೊರೆ, ಕ್ಯಾಬಿನ್‌ನಲ್ಲಿ ಸಿಹಿ ವಾಸನೆ, ಮುಂದಿನ ಕಾಲುಹಾಸಿನಲ್ಲಿ ಒದ್ದೆ ಕಂಡರೆ ಅದು ಮಳೆಯ ತೇವವಲ್ಲ. ಕೋರ್ ಸೋರುತ್ತಿದೆ. ಆಗ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು ಸರಿ. ಸೋರುವ ಕೋರ್‌ನ ಹೋಸ್‌ಗಳನ್ನು ಜೋಡಿಸಿ ಓಡಿಸುವುದು ಊರು ಸೇರುವವರೆಗಿನ ತಾತ್ಕಾಲಿಕ ಉಪಾಯವಾಗಿ ಒಪ್ಪಬಹುದು. ಘಾಟಿ ರಸ್ತೆಯಲ್ಲಿ ನಿತ್ಯ ಓಡಾಡುವವರಿಗೆ ಅದು ಪರಿಹಾರವಲ್ಲ.

ತಡ ಮಾಡಬಾರದ ಲಕ್ಷಣಗಳು

ಏರ್ ಎಷ್ಟು ತೆಗೆದರೂ ರೇಡಿಯೇಟರ್ ಕತ್ತಿನಲ್ಲಿ ಗುಳ್ಳೆ ಬರುತ್ತಲೇ ಇದೆ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹೋಸ್ ಕಲ್ಲಾಗುತ್ತದೆ, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಗಸಿ ಕಾಣುತ್ತದೆ, ಎಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಸಿಲಿಂಡರ್‌ನ ಅನಿಲ ನೀರಿನ ದಾರಿಗೆ ನುಗ್ಗಿ ಹೀಟರ್‌ನಲ್ಲಿ ಗಾಳಿ ಕಟ್ಟುತ್ತಿರಬಹುದು. ತಡ ಮಾಡಿದರೆ ಎಂಜಿನ್ನೇ ಕೆಳಗಿಳಿಸಬೇಕಾಗುತ್ತದೆ.

ಓಡಿಸುವಾಗ ನೆನಪಿಡಬೇಕಾದ ಮಾತು ಇನ್ನೊಂದಿದೆ. ಘಾಟಿ ಹತ್ತುವಾಗ ಮುಳ್ಳು ಮೇಲೇರತೊಡಗಿದರೆ ಎ.ಸಿ. ನಿಲ್ಲಿಸಿ ಹೀಟರನ್ನು ಪೂರ್ತಿ ಹಾಕಿ. ಸೆಕೆಯಾದೀತು, ಆದರೆ ಕೋರ್ ಎರಡನೆಯ ರೇಡಿಯೇಟರ್‌ನಂತೆ ಒಂದಿಷ್ಟು ಶಾಖ ಇಳಿಸಿ ಗಾಡಿ ನಿಲ್ಲಿಸಲು ಜಾಗ ಸಿಗುವವರೆಗೆ ಕಾಪಾಡುತ್ತದೆ. ಆ ಹೊತ್ತಿನಲ್ಲಿ ಹೀಟರ್ ತಣ್ಣನೆ ಗಾಳಿ ಊದಿದರೆ ಎಂಜಿನ್‌ನಲ್ಲಿ ನೀರು ಉಳಿದಿಲ್ಲ ಎಂದೇ ತಿಳಿಯಿರಿ. ಮುಳ್ಳು ಕೆಂಪು ಮುಟ್ಟಿಲ್ಲ ಎಂದು ಧೈರ್ಯ ತಾಳಬೇಡಿ. ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರದಿದ್ದರೆ ಅದು ತೋರಿಸುವುದು ಸುಳ್ಳು ಲೆಕ್ಕ. ಕೂಡಲೇ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ, ಪೂರ್ತಿ ತಣಿಯುವವರೆಗೆ ಮುಚ್ಚಳ ಮುಟ್ಟಬೇಡಿ.

ಒಟ್ಟಿನಲ್ಲಿ, ಹಳೆ ಗಾಡಿಯ ಹೀಟರ್ ರಿಪೇರಿ ಕೂಲೆಂಟ್ ಮಟ್ಟದಿಂದ ಶುರುವಾಗಿ ಮುಚ್ಚಳ, ಏರ್, ಥರ್ಮೋಸ್ಟಾಟ್, ವಾಲ್ವ್, ಕೇಬಲ್ ದಾಟಿ ಕೊನೆಗೆ ಕೋರ್ ತಲುಪಬೇಕು. ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಗ್ಯಾರೇಜಿನಲ್ಲಿ ಮೊದಲೇ ಕೋರ್ ಬದಲಿಸುವ ಮಾತು ಬಂದರೆ ಎರಡು ಹೋಸ್ ಮುಟ್ಟಿ ನೋಡಿದ್ದೀರಾ ಎಂದು ಕೇಳಿ. ಥರ್ಮೋಸ್ಟಾಟ್ ಕೀಳುವ ಮಾತು ಬಂದರೆ ಒಪ್ಪಬೇಡಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಐದು ನಿಮಿಷ ಹೀಟರ್ ಹಾಕಿ ನೋಡಿ. ವಾಲ್ವ್, ಕೇಬಲ್ ಅಂಟಿಕೊಳ್ಳುವುದು ತಪ್ಪುತ್ತದೆ, ಎಂಜಿನ್‌ನ ಆರೋಗ್ಯವೂ ಖರ್ಚಿಲ್ಲದೆ ತಿಳಿಯುತ್ತದೆ.